ಟ್ರಿನಿಡಾಡಿನ ಭಾರತೀಯ ಜೀವನ: ಮೂವರು ಲೇಖಕರ ದೃಷ್ಟಿ

ಸ್ವದೇಶವನ್ನು ಬಿಟ್ಟು ಹೊರನಾಡಿನಲ್ಲಿ ನೆಲೆಸಿದ ಜನಸಮುದಾಯವೊಂದರ ಸಾಹಿತ್ಯವನ್ನು ಪರಿಶೀಲಿಸುವಾಗ ವಿಮರ್ಶಕರು ಸಾಮಾನ್ಯವಾಗಿ ಎತ್ತುವ ಪ್ರಶ್ನೆಯೊಂದುಂಟು: ಈ ಜನ ತಮ್ಮ ಪೂರ್ವಿಕರ ಸಂಸ್ಕೃತಿಯನ್ನು ಎಷ್ಟರ ಮಟ್ಟಿಗೆ ಉಳಿಸಿಕೊಂಡಿದ್ದಾರೆ? ಪ್ರಶ್ನೆ ಸಹಜವಾದುದೇ. ಆದರೆ ಅದರ ಒಡಲಲ್ಲಿಯೇ ಒಂದು ತೀರ್ಪು ಅಡಗಿದೆ. ಸಂಸ್ಕೃತಿಯು ತಾಯ್ನಾಡಿನಲ್ಲಿ ಪೂರ್ಣಕುಂಭದಂತೆ ತುಂಬಿ ನಿಂತಿರುತ್ತದೆ, ಕಡಲು ದಾಟುವಾಗ ತುಳುಕುತ್ತದೆ, ತಲೆಮಾರಿನಿಂದ ತಲೆಮಾರಿಗೆ ಬತ್ತುತ್ತದೆ ಎಂದು ಭಾವಿಸಿದವರು ಮಾತ್ರ ಹಾಗೆ ಕೇಳಬಲ್ಲರು. ಅಳತೆಗೋಲು ಇದಾದ ಮೇಲೆ ಫಲವೂ ಗೊತ್ತಾದದ್ದೇ: ವಲಸೆ ಹೋದವರ ಕಥೆಯೆಲ್ಲ ನಷ್ಟದ ಕಥೆಯಾಗಿ ಪರಿಣಮಿಸುತ್ತದೆ. ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದಲ್ಲಿ ನೆಲೆಸಿದ ಭಾರತೀಯರನ್ನು ಕುರಿತು ಬರೆದ ಮೂವರನ್ನು, ಎಂದರೆ ವಿ. ಎಸ್. ನೈಪಾಲ್, ಸ್ಯಾಮ್ಯುಯೆಲ್ ಸೆಲ್ವನ್ ಮತ್ತು ಡೆರೆಕ್ ವಾಲ್ಕಟ್ ಇವರನ್ನು, ಒಟ್ಟಿಗೆ ಓದಿದರೆ ಈ ಅಳತೆಗೋಲಿನ ಕೊರತೆ ಎಲ್ಲಿದೆಯೆಂಬುದು ತಿಳಿದುಬರುತ್ತದೆಂದು ನಮ್ಮ ಅಭಿಪ್ರಾಯ.

ಚರಿತ್ರೆಯ ಹಿನ್ನೆಲೆಯನ್ನು ಸಂಗ್ರಹವಾಗಿ ಹೇಳಬಹುದು. ಬ್ರಿಟಿಷ್ ವಸಾಹತುಗಳಲ್ಲಿ 1834ರಲ್ಲಿ ಗುಲಾಮಗಿರಿ ರದ್ದಾಯಿತು. ಅದರ ಬೆನ್ನಿಗಂಟಿದ್ದ ಕಡ್ಡಾಯ ದುಡಿಮೆಯ ಅವಧಿಯೂ 1838ರಲ್ಲಿ ಮುಗಿಯಿತು. ಬಿಡುಗಡೆ ಹೊಂದಿದ ಆಫ್ರಿಕನ್ನರು ಒಡೆಯರು ಕೊಟ್ಟ ಕೂಲಿಗೆ ಕಬ್ಬಿನ ತೋಟಗಳಲ್ಲಿ ದುಡಿಯಲು ಒಪ್ಪದಿರಲು, ತೋಟಗಾರರ ಕಣ್ಣು ಭಾರತದ ಕಡೆಗೆ ಹೊರಳಿತು. 1845ರ ಮೇ 30ರಂದು 'ಫಾತೆಲ್ ರಜಾಕ್' ಎಂಬ ಹಡಗು ಇನ್ನೂರಕ್ಕೂ ಮಿಕ್ಕ ಭಾರತೀಯರನ್ನು ದ್ವೀಪದ ತೀರಕ್ಕೆ ತಂದಿತು. ಅಂದಿನಿಂದ 1917ರ ವರೆಗೆ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಜನ ಕರಾರು ಕೂಲಿಗಳಾಗಿ ಬಂದರು. ಬಹುಮಂದಿ ಇಂದಿನ ಬಿಹಾರ, ಪೂರ್ವ ಉತ್ತರ ಪ್ರದೇಶಗಳವರು. ಕಲ್ಕತ್ತೆಯಲ್ಲಿ ಹಡಗು ಹತ್ತಿದವರು. ಮದರಾಸಿನಿಂದ ಬಂದವರೂ ಕೆಲವರುಂಟು. ಕರಾರು ಐದು ವರ್ಷದ್ದು. ಹತ್ತು ವರ್ಷ ದ್ವೀಪದಲ್ಲಿದ್ದವರಿಗೆ ಸ್ವದೇಶಕ್ಕೆ ಮರಳುವ ಹಕ್ಕಿತ್ತು. 1869ರಿಂದ ಕೆಲಕಾಲ ಆ ಹಕ್ಕನ್ನು ಬಿಟ್ಟುಕೊಟ್ಟವರಿಗೆ ಬದಲಾಗಿ ಜಮೀನು ದೊರೆಯುತ್ತಿದ್ದಿತು. ಬಹುಪಾಲು ಜನ ಮರಳಲಿಲ್ಲ. 2011ರ ಜನಗಣತಿಯಲ್ಲಿ ಟ್ರಿನಿಡಾಡ್ ಮತ್ತು ಟೊಬೇಗೊ ರಾಷ್ಟ್ರದ ಜನಸಂಖ್ಯೆಯ ಶೇಕಡಾ 35ರಷ್ಟು ಮಂದಿ ಭಾರತೀಯ ಮೂಲದವರು. ತಿಂಗಳುಗಟ್ಟಲೆ ಒಂದೇ ಹಡಗಿನಲ್ಲಿ ಒಂದೇ ಅಡಿಗೆಯನ್ನು ಉಂಡು ಬಂದವರಲ್ಲಿ ಜಾತಿಯ ಕಟ್ಟುಗಳು ಸಡಿಲಿದುವು. 'ಜಹಾಜೀ ಭಾಯಿ' ಎಂಬ ಹೊಸದೊಂದು ಬಾಂಧವ್ಯ ಹುಟ್ಟಿತು. ಅದು ಭಾರತದಿಂದ ತಂದ ಬಾಂಧವ್ಯವಲ್ಲ, ಭಾರತದಲ್ಲಿ ಇದ್ದುದೂ ಅಲ್ಲ. ಈ ಸಣ್ಣ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

ನೈಪಾಲರು 1964ರಲ್ಲಿ ಪ್ರಕಟಿಸಿದ 'ಆ್ಯನ್ ಏರಿಯಾ ಆಫ್ ಡಾರ್ಕ್‌ನೆಸ್' ಎಂಬ ಪ್ರವಾಸಗ್ರಂಥದ ಮೊದಲ ಭಾಗದಲ್ಲಿ ತಮ್ಮ ಅಜ್ಜಿಯ ಮನೆಯಲ್ಲಿದ್ದ ಭಾರತೀಯ ವಸ್ತುಗಳನ್ನು ವರ್ಣಿಸುತ್ತಾರೆ. ಹಗ್ಗ ಹೆಣೆದ ಮಂಚಗಳು, ಚಾಪೆಗಳು, ಹಿತ್ತಾಳೆಯ ಪಾತ್ರೆಗಳು, ಕೆಟ್ಟುಹೋದ ಹಾರ್ಮೋನಿಯಂ, ದೇವರ ಪಟಗಳು. ಮಂಚದ ಹಗ್ಗ ಜೋಲುಬಿದ್ದು ಅದು ಉಪಯೋಗಕ್ಕೆ ಬಾರದಂತಾಗಿದೆ. ಅದನ್ನು ದುರಸ್ತಿಮಾಡಿದವರಿಲ್ಲ, ಏಕೆಂದರೆ ಆ ಕಸುಬಿನ ಜಾತಿಯವರು ಟ್ರಿನಿಡಾಡಿನಲ್ಲಿ ಇರಲಿಲ್ಲ. ಆದರೂ ಅದನ್ನು ಬಿಸಾಡಿಲ್ಲ. ಬಹಳ ಸೂಕ್ಷ್ಮವಾದ ನಿರೀಕ್ಷಣೆ ಇದು. ಸಮಾಜಶಾಸ್ತ್ರಜ್ಞನು ನೂರು ಪುಟಗಳಲ್ಲಿ ಹೇಳಬಹುದಾದುದನ್ನು ಒಂದು ಹರಕು ಮಂಚ ಹೇಳಿಬಿಡುತ್ತದೆ. ಭಾರತವನ್ನು ವಸ್ತುರೂಪದಲ್ಲಿ ತಂದಿಟ್ಟುಕೊಂಡವರಿಗೆ ಆ ವಸ್ತುವನ್ನು ಮಾಡುವ ಕೈ ದೊರೆಯಲಿಲ್ಲ. ಆದುದರಿಂದ ಭಾರತವೇ ಮೂಲೆಯಲ್ಲಿ ಕುಳಿತು ಜೀರ್ಣವಾಯಿತು.

ಇಷ್ಟು ಹೇಳಿದ ಲೇಖಕರು ಇದರಿಂದ ತೆಗೆಯುವ ನಿರ್ಣಯ ಮಾತ್ರ ಚರ್ಚಾಸ್ಪದವಾದುದು. ಇದಕ್ಕೆ ಎರಡು ವರ್ಷ ಮೊದಲು ಬಂದ 'ದಿ ಮಿಡ್ಲ್ ಪ್ಯಾಸೇಜ್' ಗ್ರಂಥದಲ್ಲಿ ಅವರು, ಚರಿತ್ರೆಯೆಂಬುದು ಸಾಧನೆ ಸೃಷ್ಟಿಗಳ ಸುತ್ತ ಬೆಳೆಯುವಂಥದು, ವೆಸ್ಟ್ ಇಂಡೀಸಿನಲ್ಲಿ ಸೃಷ್ಟಿಯಾದುದು ಏನೂ ಇಲ್ಲ ಎಂಬ ಅರ್ಥದ ಮಾತನ್ನಾಡಿದ್ದರು. ಎಣ್ಣೆಯ ಪೀಪಾಯಿಗಳನ್ನು ತಟ್ಟಿ ಸ್ವರ ಹೊರಡಿಸಿ ಹೊಸದೊಂದು ವಾದ್ಯವನ್ನೇ ಆ ದ್ವೀಪದ ಬಡಜನ ನಿರ್ಮಿಸಿದ್ದು ನೈಪಾಲರ ಬಾಲ್ಯ ಯೌವನಗಳ ಕಾಲದಲ್ಲಿಯೇ. ಬೀದಿಯಲ್ಲಿ ಹುಟ್ಟಿದುದನ್ನು ಸೃಷ್ಟಿಯೆಂದು ಎಣಿಸದವರಿಗೆ ಸೃಷ್ಟಿ ಕಾಣದಿರುವುದರಲ್ಲಿ ಆಶ್ಚರ್ಯವೇನು?

ಆದರೆ ಪ್ರವಾಸಗ್ರಂಥದ ನೈಪಾಲರು ಬೇರೆ, ಕಾದಂಬರಿಕಾರ ನೈಪಾಲರು ಬೇರೆ. 1961ರಲ್ಲಿ ಬಂದ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' ಕಾದಂಬರಿಯನ್ನು ನಮ್ಮ ಕಾಲೇಜುಗಳ ಇಂಗ್ಲಿಷ್ ತರಗತಿಗಳಲ್ಲಿ ಪಾಠ ಹೇಳುವಾಗ, ಸಂಪ್ರದಾಯದ ವಿಘಟನೆಯನ್ನು ಚಿತ್ರಿಸುವ ಕೃತಿಯೆಂದು ವಿದ್ಯಾರ್ಥಿಗಳಿಗೆ ಬರೆಸುವುದುಂಟು. ಈ ವಿವರಣೆಗೆ ಆಧಾರ ಸಾಕಷ್ಟಿದೆ. ಆರ್ವಾಕಸ್ ಪಟ್ಟಣದ ಹನುಮಾನ್ ಹೌಸ್ ಎಂಬ ತುಲಸಿ ಮನೆತನದ ಕಟ್ಟಡವನ್ನೇ ನೋಡಬಹುದು. ಬಿಳಿಯ ಕಾಂಕ್ರೀಟಿನ ಕೋಟೆಯಂಥ ಮನೆ. ಮೇಲೆ ಕೆಳಗಿನಿಂದ ನೋಡುವವರಿಗೆ ಮುಖಲಕ್ಷಣ ಸ್ಪಷ್ಟವಾಗದ ಹನುಮಂತನ ಪ್ರತಿಮೆ. ಒಳಗೆ ವಿಧವೆ ಯಜಮಾನಿ, ಅವಳ ಹೆಣ್ಣುಮಕ್ಕಳ ಹಿಂಡು, ಮನೆಗೇ ಬಂದು ನೆಲೆಸಿದ ಅಳಿಯಂದಿರು, ನಿತ್ಯದ ಪೂಜೆ. ಅದೇ ಮನೆಯ ಗಂಡುಮಕ್ಕಳಿಬ್ಬರು ಓದುವುದು ರೋಮನ್ ಕ್ಯಾಥೊಲಿಕ್ ಕಾಲೇಜಿನಲ್ಲಿ, ಕೊರಳಲ್ಲಿ ಶಿಲುಬೆ. ಮಾತು ಒಂದು, ನಡತೆ ಇನ್ನೊಂದು ಎಂಬ ಈ ವೈದೃಶ್ಯದಿಂದ ನೈಪಾಲರು ಹೊರಡಿಸುವ ಹಾಸ್ಯ ಅಸಾಧಾರಣವಾದುದು. ಸಂಜೆಯ ಹೊತ್ತು ಮನೆಯ ಮುಂದಿನ ಮೊಗಸಾಲೆಯಲ್ಲಿ ಕೂಡುವ ಮುದುಕರು ಭಾರತಕ್ಕೆ ಹಿಂದಿರುಗುವ ಮಾತನ್ನು ದಿನವೂ ಆಡುತ್ತಾರೆ. ಅವಕಾಶ ಒದಗಿದಾಗ ಹಿಂಜರಿಯುತ್ತಾರೆ. ತಾತ್ಕಾಲಿಕವೆಂದು ತಿಳಿದದ್ದೇ ಅವರಿಗೆ ಅಭ್ಯಾಸವಾಗಿ ಹೋಗಿದೆ.

ಇದೆಲ್ಲವೂ ನಿಜ. ಆದರೆ ಕಾದಂಬರಿಯ ನಾಯಕ ತುಲಸಿ ಮನೆತನವಲ್ಲ, ಮೋಹನ ಬಿಸ್ವಾಸ್. ಅಪಶಕುನಗಳ ನಡುವೆ, ಆರು ಬೆರಳಿನೊಡನೆ ನಡುರಾತ್ರಿಯಲ್ಲಿ ಹುಟ್ಟಿದವನು. ಹುಡುಗನಿಂದ ತಂದೆಗೆ ಕೇಡೆಂದು ಪಂಡಿತ ಹೇಳಿದ ಭವಿಷ್ಯವನ್ನು ತನಗರಿಯದೆಯೇ ನಿಜಮಾಡಿದವನು. ಪೌರೋಹಿತ್ಯ ಕಲಿಯಲು ಹೋಗಿ ಹೊರದೂಡಲ್ಪಟ್ಟವನು. ಅಂಗಡಿಗಳ ಫಲಕ ಬರೆಯಲು ಹೋಗಿ ತುಲಸಿಯವರ ಅಳಿಯನಾಗಿ ಸಿಕ್ಕಿಬಿದ್ದವನು. ಕೊನೆಗೆ ಪತ್ರಿಕೆಯೊಂದರ ವರದಿಗಾರನಾದವನು. ಇವನಿಗೆ ಬೇಕಾದುದು ಒಂದು ಮನೆ. ಗ್ರೀನ್ ವೇಲಿನಲ್ಲಿ ಕಟ್ಟಲು ತೊಡಗಿದ್ದು ಪೂರ್ಣವಾಗುವ ಮೊದಲೇ ಹಾಳಾಗುತ್ತದೆ. ಪೋರ್ಟ್ ಆಫ್ ಸ್ಪೇನಿನ ಸಿಕ್ಕಿಂ ಬೀದಿಯಲ್ಲಿ ಸಾಲಮಾಡಿ ಕೊಂಡದ್ದರಲ್ಲಿ ವಕೀಲರ ಗುಮಾಸ್ತನೊಬ್ಬನು ಮೋಸಮಾಡಿದ್ದಾನೆ; ಮೆಟ್ಟಿಲು ಅಪಾಯಕರ, ಬಾಗಿಲುಗಳು ಮುಚ್ಚುವುದಿಲ್ಲ. ಆ ಮನೆಯ ಸಾಲ ತೀರುವ ಮೊದಲೇ ನಾಲ್ವತ್ತಾರನೆಯ ವಯಸ್ಸಿಗೆ ಅವನು ಸಾಯುತ್ತಾನೆ. ಇದನ್ನು ಲೇಖಕರು ಕಥೆಯ ಪೀಠಿಕೆಯಲ್ಲಿಯೇ ತಿಳಿಸಿಬಿಟ್ಟಿರುವುದರಿಂದ ಮುಂದೇನಾಗುವುದೋ ಎಂಬ ಕುತೂಹಲಕ್ಕೆ ಇಲ್ಲಿ ಪ್ರಾಶಸ್ತ್ಯವಿಲ್ಲ. ಓದುಗನ ಗಮನವೆಲ್ಲ ಕಟ್ಟುವ ಪ್ರಯತ್ನದ ಮೇಲೆಯೇ ನಿಲ್ಲಬೇಕು.

ಇನ್ನೊಂದು ಸೂಕ್ಷ್ಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ತೊಟ್ಟಿಲಲ್ಲಿರುವ ಕೂಸನ್ನೂ ನಿರೂಪಕನು 'ಮಿಸ್ಟರ್ ಬಿಸ್ವಾಸ್' ಎಂದೇ ಕರೆಯುತ್ತಾನೆ. ಮೊದಲು ನಗು ಬರುತ್ತದೆ. ಐನೂರು ಪುಟಗಳ ಉದ್ದಕ್ಕೂ ಈ ಗೌರವವಾಚಕವನ್ನು ಒಮ್ಮೆಯೂ ಬಿಡದಿರಲು, ಲೋಕ ಕೊಡದ ಮರ್ಯಾದೆಯನ್ನು ಭಾಷೆ ಕೊಡುತ್ತಿದೆಯೆಂದು ತಿಳಿಯುತ್ತದೆ. ಕರಾರು ಕೂಲಿಯ ಮೊಮ್ಮಗನೊಬ್ಬನಿಗೆ, ಅವನೇನನ್ನೂ ಸಾಧಿಸುವ ಮೊದಲೇ, ನಿರೂಪಣೆಯು ಹುಟ್ಟಿನಿಂದಲೇ ಈ ಅಧಿಕಾರವನ್ನು ಕೊಟ್ಟುಬಿಟ್ಟಿದೆ. ಹರಕು ಮಂಚವನ್ನು ಮೂಲೆಯಲ್ಲಿಟ್ಟುಕೊಂಡ ಮನೆಯಿಂದ ಹೊರಬಿದ್ದು, ಬಾಗಿಲು ಮುಚ್ಚದ ಮನೆಯನ್ನಾದರೂ ತನ್ನದೆಂದು ಮಾಡಿಕೊಂಡವನ ಕಥೆ ಇದು. ಇದನ್ನು ವಿಘಟನೆಯೆಂದು ಕರೆಯುವುದಾದರೆ ಹೊಸ ನೆಲದಲ್ಲಿ ಬೇರೂರುವುದಕ್ಕೆ ಬೇರೆ ಯಾವ ಹೆಸರಿಟ್ಟರೂ ಅದು ಸಲ್ಲುವುದಿಲ್ಲ. ನೈಪಾಲರು ಪ್ರಬಂಧಗಳಲ್ಲಿ ಇಲ್ಲವೆಂದುದು ಅವರ ಕಾದಂಬರಿಯಲ್ಲಿ ಉಂಟು. ತಂದೆ ಸೀಪರ್ಸಾದ್ ನೈಪಾಲರ ಬದುಕಿನಿಂದ ಹುಟ್ಟಿದ ಕಥೆಯಾದುದರಿಂದ ಮಮತೆಯು ಮತವನ್ನು ಗೆದ್ದಿತೆಂದು ಊಹಿಸಬಹುದು. ಸೀಪರ್ಸಾದರೂ ಪತ್ರಿಕೋದ್ಯೋಗಿ, 1943ರಲ್ಲಿ ಗುರುದೇವನೆಂಬವನ ಕಥೆಯನ್ನೊಳಗೊಂಡ ಪುಸ್ತಕವೊಂದನ್ನು ಅಲ್ಲಿಯೇ ಅಚ್ಚುಹಾಕಿಸಿದ್ದವರು.

ಕನ್ನಡ ಓದುಗರಿಗೆ ನೈಪಾಲರ ಪ್ರಬಂಧದೃಷ್ಟಿಯ ಪರಿಚಯ ಬೇರೊಂದು ದಾರಿಯಿಂದಲೂ ಆಗಿದೆ. ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' ಪ್ರಕಟವಾದದ್ದು 1965ರಲ್ಲಿ, ಎ. ಕೆ. ರಾಮಾನುಜನ್ನರ ಇಂಗ್ಲಿಷ್ ಅನುವಾದ ಬಂದದ್ದು 1976ರಲ್ಲಿ. ಮರುವರ್ಷದ 'ಇಂಡಿಯಾ: ಎ ವೂಂಡೆಡ್ ಸಿವಿಲೈಸೇಷನ್' ಗ್ರಂಥದಲ್ಲಿ ನೈಪಾಲರು ಆ ಕಾದಂಬರಿಯನ್ನು ಚರ್ಚಿಸಿ, ಪ್ರಾಣೇಶಾಚಾರ್ಯರಲ್ಲಿ ಹಿಂದೂ ವ್ಯಕ್ತಿತ್ವದ ಅಪಕ್ವತೆಗೆ ಸಾಕ್ಷ್ಯವನ್ನು ಕಂಡರು. ಆಚಾರದ ಟೊಳ್ಳನ್ನು ಪ್ರಶ್ನಿಸುವ ಕೃತಿಯನ್ನೇ ಆ ಟೊಳ್ಳಿನ ದಾಖಲೆಯೆಂಬಂತೆ ಓದಿದ್ದು ನಮಗೆ ಸಮರ್ಪಕವೆಂದು ತೋರುವುದಿಲ್ಲ. ಪ್ರಶ್ನಿಸುವ ಶಕ್ತಿ ಒಳಗಿನಿಂದಲೇ ಹುಟ್ಟಿದೆಯಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡವೇ? ಟ್ರಿನಿಡಾಡಿನ ವಿಷಯದಲ್ಲಿಯೂ ಅವರು ಬಿಟ್ಟದ್ದು ಇದನ್ನೇ.

ಸೆಲ್ವನ್ನರ 'ಎ ಬ್ರೈಟರ್ ಸನ್' (1952) ನೈಪಾಲರ ಕೃತಿಗಿಂತ ಒಂಬತ್ತು ವರ್ಷ ಹಿರಿದು, ಗಾತ್ರದಲ್ಲಿಯೂ ಕಲೆಗಾರಿಕೆಯಲ್ಲಿಯೂ ಕಿರಿದು. ಸೆಲ್ವನ್ನರ ತಂದೆ ಮದರಾಸು ಕಡೆಯ ಮೂಲದವರು. ತಾಯಿಯ ಕಡೆಯಲ್ಲಿ ಸ್ಕಾಟಿಷ್ ರಕ್ತವೂ ಬೆರೆತಿತ್ತು. ಸಂಪ್ರದಾಯಸ್ಥ ಮನೆಯಲ್ಲಿ ಬೆಳೆದವರಲ್ಲವಾದುದರಿಂದ ಕಳೆದುಕೊಂಡದ್ದರ ಲೆಕ್ಕ ಅವರನ್ನು ಬಾಧಿಸುವುದಿಲ್ಲ. ಕಾದಂಬರಿಯ ಆರಂಭದಲ್ಲಿ ಹದಿನಾರು ವರ್ಷದ ಟೈಗರ್ ಎಂಬ ಹುಡುಗನಿಗೆ ಊರ್ಮಿಳಾ ಎಂಬ ಅಪರಿಚಿತ ಹುಡುಗಿಯೊಡನೆ ಮದುವೆಯಾಗುತ್ತದೆ. ಚಗ್ವಾನಸಿನ ಕಬ್ಬಿನ ಸೀಮೆಯನ್ನು ಬಿಟ್ಟು ಇಬ್ಬರೂ ನಗರಕ್ಕೆ ಹತ್ತಿರದ ಬಾರಟಾರಿಯಾದಲ್ಲಿ ಮಣ್ಣಿನ ಗುಡಿಸಲು ಹೂಡುತ್ತಾರೆ. ಪಕ್ಕದ ಮನೆಯವರು ಜೋ ಮತ್ತು ರೀಟಾ, ಕ್ರಿಯೋಲ್ ದಂಪತಿಗಳು. ಭಾರತೀಯರಾದವರು ಭಾರತೀಯರನ್ನೇ ಸೇರಬೇಕೆಂದು ಟೈಗರನ ಹೆತ್ತವರು ಗೊಣಗುತ್ತಾರೆ. ಆದರೆ ಊರ್ಮಿಳೆಯ ಹೆರಿಗೆಗೆ ಒದಗುವವಳು ರೀಟಾ. ಅಮೆರಿಕನ್ ಅತಿಥಿಗಳು ಊಟಕ್ಕೆ ಬರುವ ದಿನ ಸಾಮಾನುಗಳನ್ನು ಎರವು ಕೊಡುವವಳೂ ಅವಳೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕನ್ನರು ಹೆದ್ದಾರಿ ಹಾಕಿಸುತ್ತಿದ್ದಾಗ ಟೈಗರ್ ಅಲ್ಲಿ ಕೆಲಸಕ್ಕೆ ಸೇರುತ್ತಾನೆ. ಮುದುಕ ಸೂಕ್‌ದೇವನಿಂದ ಓದಲು ಕಲಿಯುತ್ತಾನೆ.

ಹೊಸ ನಾಡಿಗೆ ಹೊಂದಿಕೊಳ್ಳುವುದೆಂದರೆ ಸೌಹಾರ್ದದ ಮೆರವಣಿಗೆಯಲ್ಲವೆಂಬುದನ್ನು ಸೆಲ್ವನ್ ಚೆನ್ನಾಗಿ ಬಲ್ಲರು. ಅತಿಥಿಗಳು ಹೋದ ಮೇಲೆ ಟೈಗರ್ ಬಸುರಿ ಹೆಂಡತಿಯನ್ನು ಒದೆಯುತ್ತಾನೆ, ಮಗು ಉಳಿಯುವುದಿಲ್ಲ. ಹೊಸ ಲೋಕದ ಮುಂದೆ ತನ್ನ ಗಂಡಸುತನವನ್ನು ಸ್ಥಾಪಿಸಬೇಕೆಂಬ ಹುಡುಗನ ತವಕದ ಬೆಲೆಯನ್ನು ಊರ್ಮಿಳೆಯ ದೇಹ ತೆರುತ್ತದೆ. ಅವಳ ಚಿಕಿತ್ಸೆಗಾಗಿ ರಾತ್ರಿಯಲ್ಲಿ ನಗರಕ್ಕೆ ಓಡುವ ಟೈಗರನಿಗೆ ಭಾರತೀಯ ವೈದ್ಯನೂ ಒದಗುವುದಿಲ್ಲ, ಕರಿಯ ವೈದ್ಯನೂ ಒದಗುವುದಿಲ್ಲ. ಇಂಥ ಕಡೆಗಳಲ್ಲಿ ಸೆಲ್ವನ್ನರು ನೈಪಾಲರಷ್ಟೇ ನಿಷ್ಠುರರು. ವ್ಯತ್ಯಾಸವಿರುವುದು ಒಂದೇ ಒಂದರಲ್ಲಿ: ಅವರ ಪಾತ್ರಗಳ ದೃಷ್ಟಿ ನೆರೆಮನೆಯ ಕಡೆಗೆ ತಿರುಗಿದೆ, ಹಿಂದೆ ಬಿಟ್ಟ ದೇಶದ ಕಡೆಗಲ್ಲ. ಟೈಗರನೂ ಕೊನೆಗೆ ಒಂದು ಮನೆಯನ್ನು ಕಟ್ಟುತ್ತಾನೆ. ಟ್ರಿನಿಡಾಡಿನ ಭಾರತೀಯರನ್ನು ಕುರಿತ ಎರಡು ಪ್ರಧಾನ ಕಾದಂಬರಿಗಳ ನಾಯಕರಿಬ್ಬರಿಗೂ ಮನೆಯೇ ಗುರಿಯಾದುದು ಆಕಸ್ಮಿಕವಲ್ಲವೆಂದು ತೋರುತ್ತದೆ. ತೋಟದ ಬ್ಯಾರಕ್ಕುಗಳ ಸಾಲುಕೋಣೆಗಳಲ್ಲಿ ತಲೆಮಾರುಗಳನ್ನು ಕಳೆದವರ ಮಕ್ಕಳು ಇವರು.

ಇನ್ನು ವಾಲ್ಕಟ್. ಇವರು ಸೇಂಟ್ ಲೂಸಿಯಾ ದ್ವೀಪದವರು, ಆಫ್ರಿಕನ್ ಮತ್ತು ಯುರೋಪಿಯನ್ ಮಿಶ್ರ ಸಂತತಿಯ ಕವಿ. 1992ರಲ್ಲಿ ನೊಬೆಲ್ ಪಾರಿತೋಷಕ ಸ್ವೀಕರಿಸಿ ಮಾಡಿದ ಭಾಷಣವನ್ನು ಅವರು ಆರಂಭಿಸುವುದು ಕೆರೋನಿ ಬಯಲಿನ ಅಂಚಿನಲ್ಲಿರುವ ಫೆಲಿಸಿಟಿ ಎಂಬ ಹಳ್ಳಿಯಿಂದ. ಈ ಹಳ್ಳಿ ಚಗ್ವಾನಸಿಗೆ ತೀರ ಸಮೀಪ. ಹನುಮಾನ್ ಹೌಸಿಗೆ ಮಾದರಿಯಾದ, ನೈಪಾಲರ ತಾಯಿಯ ತಂದೆ ಕಟ್ಟಿಸಿದ 'ಲಯನ್ ಹೌಸ್' ಇರುವುದು ಅದೇ ಚಗ್ವಾನಸಿನಲ್ಲಿ. ಒಂದೇ ನೆಲವನ್ನು ಇಬ್ಬರು ಮಹಾಲೇಖಕರು ನೋಡಿ ಎರಡು ಬಗೆಯ ತೀರ್ಪು ಕೊಟ್ಟಿದ್ದಾರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ವಾಲ್ಕಟ್ ಅಲ್ಲಿ ಕಂಡದ್ದು ರಾಮಲೀಲೆ. ಬಿಲ್ಲು ಹಿಡಿದ ಹುಡುಗರು, ಬಣ್ಣದ ಬಟ್ಟೆ, ಸುಡುವುದಕ್ಕೆಂದು ಬಿದಿರಿನಿಂದ ಕಟ್ಟಿದ ದೈತ್ಯಾಕೃತಿ.

ಇದನ್ನು ನೋಡುತ್ತ ನಿಂತ ಕವಿ ತನ್ನ ಮನಸ್ಸನ್ನೇ ಪರೀಕ್ಷಿಸಿಕೊಳ್ಳುತ್ತಾನೆ. ಬರಹಗಾರರ ಅಭ್ಯಾಸಬಲದಿಂದ ತಾನು ಆ ಹುಡುಗರ ಸಂತೋಷದ ಮುಖಗಳಲ್ಲಿಯೂ ಶೋಕಗೀತದ ಧ್ವನಿಯನ್ನು, ಅಳಿದುಳಿದ ಅನುಕರಣವನ್ನು ಹುಡುಕುತ್ತಿದ್ದೆನೆಂದು ಒಪ್ಪಿಕೊಳ್ಳುತ್ತಾನೆ. ತಾನು ನಾಟಕವೆಂದು ಎಣಿಸಿದ್ದು ಅವರಿಗೆ ಶ್ರದ್ಧೆ. ತಾನು ನೆರಳೆಂದು ಎಣಿಸಿದ್ದು ಅವರಿಗೆ ನಿಜ. ಒಡೆದ ಪಾತ್ರೆಯ ಚೂರುಗಳನ್ನು ಕೂಡಿಸುವ ಪ್ರೀತಿಯು, ಪಾತ್ರೆ ಇಡಿಯಾಗಿದ್ದಾಗ ಅದನ್ನು ಸಹಜವೆಂದು ಭಾವಿಸಿದ್ದ ಪ್ರೀತಿಗಿಂತ ಬಲವಾದುದೆಂಬುದು ಆ ಭಾಷಣದ ತಿರುಳು. ವಿಮರ್ಶಕನು ತನ್ನ ಪೂರ್ವಗ್ರಹವನ್ನು ಇಷ್ಟು ಪ್ರಾಮಾಣಿಕವಾಗಿ ಬಿಚ್ಚಿಟ್ಟ ಸಂದರ್ಭಗಳು ವಿರಳ.

ಆದರೂ ವಾಲ್ಕಟ್ಟರ ರೂಪಕವನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಚೂರುಗಳನ್ನು ಕೂಡಿಸಿದರೆ ದೊರೆಯುವುದು ಅದೇ ಹಳೆಯ ಪಾತ್ರೆ, ಬಿರುಕುಗಳ ಸಹಿತ. ಫೆಲಿಸಿಟಿಯ ಬಯಲಿನಲ್ಲಿ ನಿಂತ ರಾವಣ ಹಾಗೆ ಕೂಡಿಸಿದವನಲ್ಲ. ಅವನನ್ನು ಪ್ರತಿವರ್ಷವೂ ಹೊಸದಾಗಿ ಕಟ್ಟುತ್ತಾರೆ, ಸುಡುತ್ತಾರೆ, ಮತ್ತೆ ಕಟ್ಟುತ್ತಾರೆ. ಬಿದಿರು ಅಲ್ಲಿಯೇ ಬೆಳೆಯುತ್ತದೆ. ಕಟ್ಟುವ ಕೈಗಳು ಆ ಹಳ್ಳಿಯವೇ. ನೈಪಾಲರ ಅಜ್ಜಿಯ ಮನೆಯ ಮಂಚಕ್ಕೂ ಈ ರಾವಣನಿಗೂ ಇರುವ ಅಂತರ ಇಲ್ಲಿದೆ. ಒಂದು, ತಂದು ಇಟ್ಟುಕೊಂಡದ್ದು. ಇನ್ನೊಂದು, ಮಾಡಲು ಕಲಿತದ್ದು. ನಾವು ಮೊದಲಿಗೆ ಹೇಳಿದ ಅಳತೆಗೋಲಿನ ಬದಲು ಕೇಳಬೇಕಾದ ಪ್ರಶ್ನೆ, ಏನನ್ನು ಉಳಿಸಿಕೊಂಡರು ಎಂಬುದಲ್ಲ, ಏನನ್ನು ಅಲ್ಲಿಯೇ ಮಾಡಬಲ್ಲವರಾದರು ಎಂಬುದು.

ತಾಸಾ ವಾದ್ಯದ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಮೊಹರಮ್ಮಿನ ಆಚರಣೆಯೊಡನೆ ಬಂದ ಈ ಚರ್ಮವಾದ್ಯವನ್ನು ಟ್ರಿನಿಡಾಡಿನವರು ತಾವೇ ಮಾಡಿಕೊಂಡರು. ಮಣ್ಣಿನ ಕುಡಿಕೆಗೆ ಆಡಿನ ಚರ್ಮ ಬಿಗಿದು, ಬೆಂಕಿಯ ಕಾವಿಗೆ ಹಿಡಿದು ಶ್ರುತಿಗೆ ತಂದರು. ಅದು ಹಿಂದೂಗಳ ಮದುವೆಗೂ ಸಂದಿತು, ದ್ವೀಪದ ಕ್ಯಾಲಿಪ್ಸೋ ಲಯವನ್ನೂ ಮೈಗೂಡಿಸಿಕೊಂಡಿತು. ಅಲ್ಲಿ ಮೊಹರಮ್ಮಿಗೆ 'ಹೊಸೇ' ಎಂದು ಹೆಸರು. ಬಿದಿರು ಕಾಗದಗಳ ತಾಜಿಯಾಗಳನ್ನು ಹೊತ್ತ ಮೆರವಣಿಗೆಯಲ್ಲಿ ಹಿಂದೂಗಳೂ ಆಫ್ರಿಕನ್ನರೂ ಸೇರುತ್ತಿದ್ದರು. ವಸಾಹತು ಸರಕಾರಕ್ಕೆ ಇದರಿಂದ ಭಯ ಹುಟ್ಟಿತು. 1884ರ ಅಕ್ಟೋಬರ್ 30ರಂದು ಸ್ಯಾನ್ ಫರ್ನಾಂಡೋ ಪಟ್ಟಣದೊಳಕ್ಕೆ ಬರುತ್ತಿದ್ದ ಮೆರವಣಿಗೆಗಳ ಮೇಲೆ ಗುಂಡು ಹಾರಿಸಲಾಯಿತು; ಹಲವರು ಸತ್ತರು, ಬಹುಮಂದಿ ಗಾಯಗೊಂಡರು. ಮದುವೆಯ ಮಾತಿಗೆ ಬಂದರೆ, ಹಿಂದೂ ಪದ್ಧತಿಯ ವಿವಾಹಕ್ಕೆ ಕಾನೂನಿನ ಮಾನ್ಯತೆ ದೊರೆತದ್ದು 1940ರ ದಶಕದ ಮಧ್ಯಭಾಗದಲ್ಲಿ. ಅಷ್ಟರವರೆಗೆ ಸಪ್ತಪದಿ ತುಳಿದವರ ಮಕ್ಕಳು ಸರಕಾರದ ದೃಷ್ಟಿಯಲ್ಲಿ ಅಕ್ರಮ ಸಂತಾನ. ಈ ಸಂಗತಿಗಳನ್ನು ಮರೆತು ವಲಸೆಗಾರರ ಚೈತನ್ಯವನ್ನು ಹೊಗಳುವವರು ಆ ಚೈತನ್ಯಕ್ಕೆ ಅನ್ಯಾಯ ಮಾಡುತ್ತಾರೆ.

ನಮ್ಮ ವಾದಕ್ಕೆ ಎದುರಾಗಿ ನಿಲ್ಲುವ ಒಂದು ಸಂಗತಿಯೂ ಉಂಟು, ಭಾಷೆ. ಭೋಜಪುರಿಯ ಉಪಭಾಷೆಗಳು ಬೆರೆತು ಟ್ರಿನಿಡಾಡಿನದೇ ಆದ ಒಂದು ಭೋಜಪುರಿ ಅಲ್ಲಿ ರೂಪುಗೊಂಡಿತ್ತು. ಬೇರೆ ಬೇರೆ ಜಿಲ್ಲೆಗಳವರು ಕೂಡಿ ಮಾಡಿಕೊಂಡ ಭಾಷೆ ಅದು. ನಮ್ಮ ಪ್ರಶ್ನೆಗೆ ತಕ್ಕ ಉತ್ತರವೇ ಆಗಿತ್ತು. ಆದರೂ ಶಾಲೆಯ ಇಂಗ್ಲಿಷಿನ ಮುಂದೆ, ಬೀದಿಯ ಕ್ರಿಯೋಲಿನ ಮುಂದೆ ಅದು ನಿಲ್ಲಲಿಲ್ಲ. ಇಂದು ಅದು ಕೆಲವೇ ವೃದ್ಧರ ನಾಲಗೆಯಲ್ಲಿದೆ. ತುಳಸೀದಾಸರ ರಾಮಾಯಣವನ್ನು ಅಲ್ಲಿ ಅವಧಿಯಲ್ಲಿ ಹಾಡಿ, ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಅರ್ಥವಾಗದ ಭಾಷೆಯನ್ನು ಭಕ್ತಿಯಿಂದ ಹಾಡುವುದು ಭಾರತದಲ್ಲಿ ನಮಗೇನೂ ಹೊಸದಲ್ಲವೆಂದು ಸಮಾಧಾನ ಹೇಳಬಹುದು. ಆದರೆ ಬೈಗುಳ, ಜೋಗುಳ, ಗುಟ್ಟು, ಗಾದೆಗಳ ಭಾಷೆಯೊಂದು ಹೋದಾಗ ಆಗುವ ನಷ್ಟ ಮಂತ್ರದ ಭಾಷೆ ಹೋದುದರಂತಲ್ಲ. ಇಲ್ಲಿ ನೈಪಾಲರ ಶೋಕ ಸರಿಯೆಂದೇ ಹೇಳಬೇಕು.

ಆ ಭಾಷೆ ಇನ್ನೂ ಸ್ವಲ್ಪ ಮಟ್ಟಿಗೆ ಬದುಕಿರುವುದು ಹಾಡಿನಲ್ಲಿ. ಹಿಂದೂ ಮದುವೆಯ ಮುಂಚಿನ ಶುಕ್ರವಾರ ಹೆಂಗಸರು ಗುಂಪಾಗಿ ಹೋಗಿ ಮಣ್ಣು ತರುವ 'ಮಟಿಕೋರ್' ಎಂಬ ಶಾಸ್ತ್ರವಿದೆ. ಅಲ್ಲಿ ಹಾಡುವ ಹಾಡುಗಳು ಪೋಲಿತನಕ್ಕೆ ಹೆಸರಾದವು, ಕುಣಿತವೂ ಹಾಗೆಯೇ. ಈ ಹಾಡುಗಳ ಲಯವೇ ಮುಂದೆ ರಂಗಕ್ಕೂ ಧ್ವನಿಮುದ್ರಿಕೆಗಳಿಗೂ ಏರಿ 'ಚಟ್ನಿ' ಸಂಗೀತವೆನಿಸಿತು. 1970ರ ಸುಮಾರಿಗೆ ಸುಂದರ್ ಪೋಪೊ ಎಂಬ ಗಾಯಕನು ಅಜ್ಜ ಅಜ್ಜಿಯರನ್ನು ಕುರಿತು ಹಿಂದಿ ಕ್ರಿಯೋಲುಗಳನ್ನು ಬೆರೆಸಿ ಹಾಡಿದ ಹಾಡು ದ್ವೀಪದ ಮನೆಮನೆಗೂ ಮುಟ್ಟಿತು. ಸಂಪ್ರದಾಯವಾದಿಗಳು ಈ ಸಂಗೀತವನ್ನು ಅಸಭ್ಯವೆಂದು ಹಳಿದರು. ಹೆಂಗಸರು ಎಲ್ಲರೆದುರಿಗೆ ಅದಕ್ಕೆ ಕುಣಿದುದು ಇನ್ನೂ ದೊಡ್ಡ ಅಪರಾಧವೆನಿಸಿತು. ಬಂದ ಹಡಗುಗಳಲ್ಲಿ ನೂರು ಗಂಡಸರಿಗೆ ನಾಲ್ವತ್ತು ಹೆಂಗಸರಾದರೂ ಇರಬೇಕೆಂದು ನಿಯಮ ಮಾಡಬೇಕಾದಷ್ಟು ಅವರ ಸಂಖ್ಯೆ ಕಡಿಮೆಯಿತ್ತು. ಆದರೂ ಬಾಯಿಂದ ಬಾಯಿಗೆ ಹಾಡನ್ನು ದಾಟಿಸಿದವರು ಅವರೇ. ನಾವು ಇಲ್ಲಿ ವಿವೇಚಿಸಿದ ಪುಟಗಳಲ್ಲಿ ಆ ಹಾಡು ಕೇಳಿಬರುವುದಿಲ್ಲ. ಮೂವರು ಲೇಖಕರೂ ಗಂಡಸರು. ಮಟಿಕೋರಿಗೆ ಗಂಡಸರನ್ನು ಸೇರಿಸುವ ಪದ್ಧತಿಯಿಲ್ಲ.